ಹಸ್ತಾಂತರ ಆಗದಾಂವ

ಅಲ್ಲ ಭಾಗ್ಯ, ಎಷ್ಟು ಸಲ ಹೇಳ್ಬೇಕು ನಿನಗ? ನಿನ್ನ ಗಂಡನ್ನ ಜೈಲಿಗೆ ಹಾಕಿದ್ದು ಆ ದೇಶದೋರು. ನಾನಲ್ಲ! ಚೋರನೂರಿನಿಂದ ಬಸ್ಸು ಹಿಡಕೊಂಡು ಚಿತ್ತವಾಡ್ಗಿಗೆ ಬಂದು, ನನ್ನ ಮನಿ ಮುಂದ ಹಿಂಗ ಗರ ಬಡದೋರಂಗ ನಿಂತ್ರ ಅಂಜಿನಿ ಬರ್ತಾನೇನು? ಕುಂದ್ರು. ಆ ಕಟ್ಟಿ ಮ್ಯಾಲ ಕುಂದ್ರು. ನಾ ಗಾಡಿ ತೊಳಕೋತ ಮಾತಾಡ್ತೀನಿ, ಹತ್ತಕ್ಕ ಹಂಪಿ ಟ್ರಿಪ್ಪೈತಿ.

ನೀರು ಬೇಕೇನು?... ಬ್ಯಾಡ. ಬ್ಯಾಡಾದ್ರ ಬಿಡು.

ನೋಡು, ನಾನೂ ಅಂವನೂ ಕೂಡೇ ಗಲ್ಫಿಗೆ ಹೋದೋರು. ಒಂದ ಕಂಪನಿ, ಒಂದ ರೂಮು, ಇಬ್ರೂ ಡ್ರೈವರು. ನಾ ರಜಾಕ್ಕ ಊರಿಗೆ ಹೊಂಟ ದಿನ, ಮುಂಜಾನೆ, ನನ್ನ ಏರ್‌ಪೋರ್ಟಿಗೆ ಬಿಡಾಕ ಕಂಪನಿ ಗಾಡಿ ತಂದ. ಯಾರನ್ನೂ ಕೇಳದ ತಂದಿದ್ದ, ಅದ ತಪ್ಪಾತು. ದಾರ್ಯಾಗ ರಸ್ತೆ ಗುಡಿಸೋ ಮುದುಕ ಒಬ್ಬ ಅಡ್ಡ ಬಂದ... ಸತ್ತ. ಅಂಜಿನಿ ಸಿಕ್ಕ, ಒಂಬತ್ತು ವರ್ಷ ಬಿತ್ತು. ನಾಕು ಮುಗದಾವು. ಇನ್ನೈದು. ಅಷ್ಟ! ನಿನ್ನ ಮಗಳು ಅಪ್ಪ ಎಲ್ಲಿ ಅಂದ್ರ ದುಡಿಯಾಕ ಹೋಗ್ಯಾನ ಅನ್ನು. ಸುಳ್ಳೇನಲ್ಲ, ಜೈಲಿನ್ಯಾಗೂ ದುಡಿಸ್ತಾರ.

ಏನು? ಯಾಕ ಹಂಗ ನೋಡ್ತಿ?

ಓಹೋ... ವಕೀಲರ ಹತ್ರ ಹೋಗಿದ್ದಿಯಲ್ಲ ನೀನು! ಹೊಸಪೇಟಿ ಕೋರ್ಟಿನ ಆ ಸುಮಂಗಲಾ ಮೇಡಂ ಹತ್ರ. ನಂಗೂ ಸುದ್ದಿ ಬಂದೈತಿ. ಹಸ್ತಾಂತರ ಕಾಯ್ದೆ ಓದಿ ಹೇಳಿದ್ರೇನು? ನಂಗ ಬಾಯಿಪಾಠ ಐತಿ ಅದು! ನಮಗೂ ಆ ದೇಶಕ್ಕೂ ಒಪ್ಪಂದ ಐತಿ. ಅಲ್ಲಿ ತಪ್ಪು ಮಾಡಿ ಇಲ್ಲಿಗೆ ಓಡಿ ಬಂದೋರನ್ನ ಹಿಡಿದು ಅವರ ಕೈಗೆ ಕೊಡಬೇಕು. ಆದ್ರ ಬಂದಾಂವ ನಮ್ಮ ದೇಶದ ಪ್ರಜೆ ಆಗಿದ್ರ ಕೊಡಂಗಿಲ್ಲ! ಹೆಂಗೈತಿ? ಅವರು ಕಾಗದ ಕಳಸಬೇಕು, ದಿಲ್ಲಿಯೋರು ಹೂಂ ಅನ್ನಬೇಕು, ಆಮ್ಯಾಲ ಇಲ್ಲೇ ಕೇಸು ನಡಸಬೇಕು. ಆ ಕಾಗದ ಬರಲೇ ಇಲ್ಲ. ಬಂದಿದ್ರ ನಾ ಓಡಿ ಹೋಗಿ ಸಾಕ್ಷಿ ಹೇಳ್ತಿದ್ದಿಲ್ಲೇನು? ಅಂಜಿನಿ ನನ್ನ ದೋಸ್ತ...

ಯಾಕ ತಲಿ ಅಲ್ಲಾಡಿಸ್ತಿ? 'ಓಡಿ ಬಂದೋರು' ಅಂದೆ ಅಂತನಾ? ನನ್ನ ಟಿಕೀಟು ತಿಂಗಳ ಮೊದಲ ಆಗಿತ್ತು! ನಾ ಓಡಿಲ್ಲ. ಹೊಂಟಿದ್ದೆ, ಬಂದೆ.

ಭಾಗ್ಯ, ಮಾತಾಡು. ಬೈಯಿ, ಅಳು, ಏನರ ಮಾಡು. ಸುಮ್ನ ಕುಂದ್ರಬ್ಯಾಡ.

...ಹಾಂ, ಆತು. ಕಾಗದ ಬಂದಿತ್ತು. ಎರಡು ವರ್ಷದ ಹಿಂದ. ಮೇಡಂ ಅದನ್ನೂ ಹೇಳ್ಯಾರಲ್ಲ? ಗೊತ್ತಿದ್ದೂ ಬಾಯಿ ಬಿಡದ ಕುಂತೀಯಲ್ಲ, ಎಂಥಾ ಹೆಣ್ಣ ನೀನು! ಅಂಜಿನಿ ಅಲ್ಲಿ ಕೋರ್ಟಿನ್ಯಾಗ ಮೊದಲಿಂದ್ಲೂ ನನ್ನ ಹೆಸರ ಹೇಳ್ಕೋತ ಬಂದಾನಂತ. ಯಾರು ನಂಬ್ತಾರ? ಗಾಡಿ ತಂದಾಂವ ಅಂವ, ಅಂಗಿ ತುಂಬ ಮುದುಕನ ರಕ್ತ. ಕಡೀಗೆ ಅಲ್ಲಿನ ಒಬ್ಬ ಸಾಹೇಬ ಮನಸ್ಸು ಮಾಡಿ ಇಲ್ಲಿಗೆ ಕಾಗದ ಬರದ. ಪೊಲೀಸರು ನನ್ನ ಕರೆಸಿದ್ರು. ಗಾಡಿ ಹೊಡದಾಂವ ಯಾರು ಅಂದ್ರು. ಅಂಜಿನಿ ಅಂದೆ. ರುಜು ಹಾಕಿದೆ. ಫೈಲು ಮುಚ್ಚಿತು.

ಬಾಯಿಗೆ ಸೆರಗು ಇಟಗೋಬ್ಯಾಡ. ಕೇಳಾಕ ಬಂದೀಯಲ್ಲ, ಪೂರಾ ಕೇಳು. ಅವಂಗ ನಿದ್ದಿಗಣ್ಣಿತ್ತು. 'ಸ್ಟೇರಿಂಗ್ ಕೊಡಲೇ, ಊರಿಗೆ ಹೋಗೋಕಿಂತ ಮೊದಲ ಈ ರೋಡಿನ್ಯಾಗ ಒಂದ್ಸಲ ನಾ ಹೊಡೀತೀನಿ' ಅಂದೆ. ನೂರಾ ನಲವತ್ತರ ಮ್ಯಾಲಿತ್ತು... ಮಸ್ತ್ ರೋಡು... ಮುದುಕ ಹಾರಿ ಬಿದ್ದ. ಜೀವ ಇತ್ತು. ನಿನ್ನ ಗಂಡ ಹುಚ್ಚ, ಇಳದು ಓಡಿ ಹೋಗಿ ಅವನ ತಲಿ ತೊಡಿ ಮ್ಯಾಲ ಇಟಗೊಂಡು ನೀರು ಕುಡಿಸಾಕತ್ತಿದ್ದ. 'ನೀ ಇಲ್ಲೇ ಇರು, ನಾ ಯಾರನ್ನರ ಕರಕೊಂಡು ಬರ್ತೀನಿ' ಅಂದೆ. ಬ್ಯಾಗು ತಗೊಂಡೆ, ಟ್ಯಾಕ್ಸಿ ಹತ್ತಿದೆ. 'ಜಲ್ದಿ ಬಾರಲೇ ಹೊನ್ನೂರಸಾಮಿ' ಅಂತ ಒದರಿದ. ವಿಮಾನ ಏರೋತನ ಫೋನ್ ಮಾಡೇ ಮಾಡಿದ. ಎತ್ತಲಿಲ್ಲ. ನಾ ಬರ್ತೀನಿ ಅಂತ ಕಾದ ಅಂವ! ಕಾಯ್ದೆ ಗೊತ್ತಿಲ್ಲದಾಂವ ಕಾಯ್ತಾನ, ಗೊತ್ತಿದ್ದಾಂವ ವಿಮಾನ ಹತ್ತತಾನ.

ಈಗರ ಖರೇ ಹೇಳು ಅಂತ ಕುಂತಿ. ಗೊತ್ತೈತಿ. ಮೇಡಂ ನಿನಗ ಹೇಳಿದ್ದು ಸರಿ ಐತಿ. ನಾ ಒಪ್ಪಿಕೊಂಡ್ರೂ ನನ್ನ ಅಲ್ಲಿಗೆ ಕಳಸಂಗಿಲ್ಲ. ಇಲ್ಲೇ ಹೊಸಪೇಟ್ಯಾಗ ಕೇಸು. ಆ್ಯಕ್ಸಿಡೆಂಟ್ ಆದಾಗ ಇದ್ದ ಕಾಯ್ದೆ ಪ್ರಕಾರ ಹೆಚ್ಚಂದ್ರ ಎರಡು ವರ್ಷ. ಅಲ್ಲಿ ಅಂಜಿನಿಗೆ ಬಿಡುಗಡಿ. ಕಾಯ್ದೆ ತಿದ್ದಬೇಕಂತಾರಲ್ಲ ಮೇಡಂ? ನಮ್ಮೋರನ್ನ ಅವರ ಕೈಗೆ ಕೊಡಂಗಿಲ್ಲ ಅಂದ ಮ್ಯಾಲ ಒಂದು ರುಜು ನೋಡಿ ಫೈಲು ಮುಚ್ಚಬಾರದು, ಕೋರ್ಟಿಗೆ ಹಾಕಲೇಬೇಕು ಅಂತ? ತಿದ್ದಲಿ, ಬ್ಯಾಡ ಅಂದೋರ್ಯಾರು! ಅವರು ತಿದ್ದೋದ್ರಾಗ ನಿನ್ನ ಗಂಡ ಪೂರಾ ಮುಗಿಸಿ ತಾನ ಬಂದಿರ್ತಾನ.

ಏಳು, ಟೈಮಾತು. ಗಾಡಿ ತಗೀಬೇಕು... ಏಳಂಗಿಲ್ಲೇನು? ಏನು ಬೇಕು ನಿನಗ ನನ್ನ ಬಾಯಿಂದ?

ಎರಡು ವರ್ಷ ನಂಗ ಭಾಳ ಆಗತೈತಿ ಭಾಗ್ಯ. ಅವಂಗ ಹೆಂಗೂ ರೂಢಿ ಆಗೈತಿ.