ಕಡಲನ್ನು ಸಿಹಿಯೆಂದ ದೊರೆಯ ಕೋಟೆ

ಮಾಘಮಾಸದ ಪೂರ್ವಾಹ್ನವಿದು. ಕಡಲು ಇಳಿದಿದೆ. ಪಾಳುಕೋಟೆಯನ್ನು ನೋಡಬಂದ ನೀವೆಲ್ಲ ಮೂಡಣ ಗೋಡೆಯ ನೆರಳಿನಲ್ಲಿ ಕುಳಿತಿದ್ದೀರಿ. ಮೂರು ದಿಕ್ಕಿನ ಗೋಡೆಗಳು ಇಂದಿಗೂ ಎದೆ ಸೆಟೆಸಿ ನಿಂತಿವೆ. ಪಡುವಣದ್ದೆಲ್ಲಿ? ಶತ್ರು ಕೆಡಹಿದನೆ? ಇಲ್ಲ. ಸಿಡಿಲೆರಗಿತೆ? ಇಲ್ಲ. ಕಾಲವೇ ತಿಂದಿತೆ? ಅದೂ ಅಲ್ಲ. ಕೇಳಿ, ಹೇಳುತ್ತೇನೆ.

ಹೆಸರು ಮರೆತುಹೋದ ಒಂದು ನಾಡು. ಹೆಸರು ಉಳಿಯಬಾರದ ಒಬ್ಬ ದೊರೆ. ಅವನು ಕಡಲಂಚಿನ ದಿಬ್ಬದ ಮೇಲೆ ಕೋಟೆ ಕಟ್ಟಿಸತೊಡಗಿದ. ದಿಬ್ಬದ ನಡುವೆ ಒಂದು ಬಾವಿ. ಸುತ್ತಲೂ ಉಪ್ಪು, ಸಿಹಿನೀರೆಂಬುದು ಅದೊಂದೇ. ಊರೆಲ್ಲ ಅದನ್ನೇ ಕುಡಿಯುತ್ತಿತ್ತು. ಮೂರು ಗೋಡೆಗಳೆದ್ದವು. ಪಡುವಣದ್ದೊಂದು ಉಳಿದಾಗ ದೊರೆ ಬಾವಿಗೆ ಭರ್ಜಿಯವರನ್ನು ಕಾವಲಿಟ್ಟು ಸಾರಿದ: "ಕೋಟೆ ನನ್ನದು, ಕೋಟೆಯೊಳಗಿನ ಬಾವಿಯೂ ನನ್ನದು. ಊರಿನವರು ಇತ್ತ ಸುಳಿಯಕೂಡದು!"

ಆ ಊರಿನಲ್ಲಿ ಬುದವಂತಿಯೆಂಬ ಮುದುಕಿ. ಚಿಪ್ಪು ಸುಟ್ಟು, ನೀರೆರೆದು, ಕೋಟೆಯ ಗಾರೆಗೆ ಸುಣ್ಣ ಅರಳಿಸುವ ಹೆಂಗಸರಿಗೆಲ್ಲ ಹಿರಿಯಳು. ದಳವಾಯಿಯನ್ನು ಕೇಳಿದಳು, ಬಾವಿ ಬಿಡಲಿಲ್ಲ. ಮಂತ್ರಿಯನ್ನು ಕೇಳಿದಳು, ಬಿಡಲಿಲ್ಲ. ಸಭೆಗೆ ನಡೆದು ದೊರೆಯನ್ನೇ ಕೇಳಿದಳು.

"ಒಡೆಯಾ, ಕುಡಿಯಲು ನೀರಿಲ್ಲ. ಸುಣ್ಣಕ್ಕೂ ಇಲ್ಲ."

"ಅಷ್ಟು ದೊಡ್ಡ ಕಡಲು ಬಿದ್ದಿದೆ. ನಿನಗೆ ಕಣ್ಣು ಹೋಗಿದೆಯೇನೇ ಮುದುಕಿ?"

"ಕಣ್ಣೂ ಇದೆ, ನಾಲಗೆಯೂ ಇದೆ. ಉಪ್ಪುನೀರಿನ ಗಾರೆ ಗೋಡೆ ಹಿಡಿಯದು. ನಮ್ಮ ಕಸುಬಿನಲ್ಲೊಂದು ಕಟ್ಟಳೆಯುಂಟು. ಇಂಥ ನೀರನ್ನು ಸುಣ್ಣಕ್ಕೆ ಎರೆಯಿರೆಂದವರು ಮೊದಲು ತಾವೇ ಮೂರು ಗುಟುಕು ಕುಡಿದು ಸಿಹಿಯೆನ್ನಬೇಕು. ಕುಡಿಯುವಿರೋ? ಬಾವಿ ಬಿಡುವಿರೋ?"

ಸಭೆಯೆಲ್ಲ ನೋಡುತ್ತಿದೆ. ಸುಣ್ಣದ ಮುದುಕಿಗೆ ದೊರೆ ಸೋಲುವುದುಂಟೆ? ಕಡಲ ನೀರು ತರಿಸಿದ. ಒಂದು ಗುಟುಕು, ಹುಬ್ಬು ಗಂಟಾಯಿತು. ಎರಡು ಗುಟುಕು, ಕಣ್ಣು ಕೆಂಪಾಯಿತು. ಮೂರು ಗುಟುಕು, ಮೀಸೆ ಒರಸಿಕೊಂಡು, "ಸಿಹಿ! ಎಳನೀರಿನಷ್ಟು ಸಿಹಿ!" ಎಂದ.

"ಎಲ್ಲರೂ ಕೇಳಿದಿರಷ್ಟೆ?" ಎಂದು ಬುದವಂತಿ ಹೊರಟಳು.

ಕಡಲ ನೀರಿನಲ್ಲೇ ಸುಣ್ಣ ಅರಳಿತು. ಗೋಡೆ ಎದ್ದಿತು. ಆಷಾಢದ ಮೊದಲ ಹೆದ್ದೆರೆ ಬಡಿಯಿತು ನೋಡಿ, ಆ ಗೋಡೆ ನೆನೆದ ಅವಲಕ್ಕಿಯಂತೆ ಕುಸಿಯಿತು.

ಮರುದಿನ ಬೆಳಗಾಗುತ್ತಲೇ ಊರ ಹೆಂಗಸರೆಲ್ಲ ಕೊಡ ಹೊತ್ತು, ಗೋಡೆ ಬಿದ್ದ ಬಯಲಿನಿಂದ ಒಳನಡೆದರು. ಮುಂದೆ ಬುದವಂತಿ. ದೊರೆ ಧಾವಿಸಿ ಬಂದ.

"ಗೋಡೆ ಕೆಡಿಸಿದವಳೇ! ನಿನ್ನನ್ನು ಗಲ್ಲಿಗೇರಿಸುತ್ತೇನೆ!"

"ಏತಕ್ಕೆ ಒಡೆಯಾ? ನೀರು ಉಪ್ಪಾಗಿತ್ತೇನು?"

ದೊರೆ ಭರ್ಜಿಯವರತ್ತ ತಿರುಗಿದ.

"ಉಪ್ಪೆಂದರೆ, ಗೋಡೆ ಕೆಡಿಸಿದವರು ತಾವು. ಸಿಹಿಯೆಂದರೆ, ಕಡಲೆಲ್ಲ ತಮಗೇ ಇರಲಿ. ತಮ್ಮ ಕುದುರೆಗೂ ಕುಡಿಸಿ, ಈ ಭರ್ಜಿಯವರಿಗೂ ಕುಡಿಸಿ. ಈ ಪುಟ್ಟ ಬಾವಿ ನಮಗೆ ಸಾಕು. ಎಲ್ಲರೆದುರು ಹೇಳಿ, ಉಪ್ಪೋ? ಸಿಹಿಯೋ?"

ಭರ್ಜಿಯವನೊಬ್ಬ ಕಿಸಕ್ಕನೆ ನಕ್ಕ. "ನನಗೆ ಆ ಎಳನೀರು ಬೇಡವಜ್ಜಿ" ಎಂದು ಭರ್ಜಿಯನ್ನು ಕೆಳಗಿಟ್ಟ. ಅವನ ಮಗ್ಗುಲಿನವನೂ ಇಟ್ಟ. ಆಮೇಲೆ ಎಲ್ಲರೂ ಇಟ್ಟರು. ದೊರೆ ಉಪ್ಪೆನ್ನಲಿಲ್ಲ, ಸಿಹಿಯೆನ್ನಲಿಲ್ಲ. ಬುದವಂತಿ ಅವನ ಕಣ್ಣೆದುರೇ ಕೊಡವನ್ನು ಬಾವಿಗಿಳಿಸಿದಳು.

ಹೇಳಿದ ನನಗೆ ಬಾಯಾರಿತು, ಕೇಳಿದ ನಿಮಗೆ ದಣಿವಾರಲಿ. ದೊರೆ ಮರುವರ್ಷ ದಂಡು ಕಟ್ಟಿಕೊಂಡು ಬೇರೆ ಸೀಮೆಗೆ ಹೋದ. ಊರಿನವರು ಅಂದಿನಿಂದ ಇಂದಿನವರೆಗೆ ಆ ಬಾವಿಯ ನೀರನ್ನೇ ಸೇದುತ್ತ ಬಂದಿದ್ದಾರೆ.