ಕಲ್ಲಗುಡ್ಡೆಯವರ ಅಭಿಪ್ರಾಯ

ನಡುವಿನಲ್ಲಿ ಯಾರೂ ಕಿಸಕ್ಕ ಅನ್ನಬಾರದು. ಅಂದರೆ ನಾನು ಎದ್ದು ಹೋಗ್ತೇನೆ, ಅಷ್ಟೆ.

ಇದು ನನ್ನ ಭಾವ ಚಿನ್ನಯ್ಯನಿಗೆ ಆದದ್ದು. ಸೋದರಮಾವನ ಮಗ, ಕಕ್ಕಿಂಜೆಯವನು. ಅರವತ್ತಮೂರನೇ ಇಸವಿ, ಜನವರಿ. ರಾತ್ರಿ ಒಂದು ಗಂಟೆಗೆ ಪಾಣೆಮಂಗಳೂರಿನ ಸಿನೆಮಾ ಟೆಂಟಿನಿಂದ ಮೆಲ್ಕಾರಿನ ತನ್ನ ಬಾಡಿಗೆ ಕೋಣೆಗೆ ನಡಕೊಂಡು ಹೊರಟಿದ್ದ. ಕೈಯಲ್ಲೊಂದು ಟಾರ್ಚು. ಅದೂ ಮಿಣಮಿಣ.

ಚಿನ್ನಯ್ಯ ಸುಳ್ಳ ಅಂತ ನೀವು ಹೇಳಬಹುದು. ಹೌದು, ಸುಳ್ಳನೇ! ಟೆಂಟಿನವರು ಸಂಬಳ ಕೊಡ್ತಿದ್ದದ್ದೇ ಅದಕ್ಕೆ. ಹಗಲು ಎತ್ತಿನ ಗಾಡಿಯಲ್ಲಿ ಕೂತು, ತಗಡಿನ ಕೊಳವೆ ಬಾಯಿಗಿಟ್ಟು ಪಿಕ್ಚರನ್ನು ಹೊಗಳಿ ಕೂಗುವುದು. ಅವನದ್ದೊಂದು ಉಪಾಯ ಉಂಟು. ರಾತ್ರಿ ಆಟ ಬಿಟ್ಟಾಗ ಬಾಗಿಲಲ್ಲಿ ನಿಂತು "ಹೇಗುಂಟು?" ಅಂತ ಕೇಳುವುದು. ಮರುದಿನ ಅವರವರ ಮನೆಯ ಎದುರೇ ಹೆಸರು ಹೇಳಿ ಆ ಅಭಿಪ್ರಾಯ ಕೂಗುವುದು. ತನ್ನ ಹೆಸರು ಕೊಳವೆಯಲ್ಲಿ ಕೇಳಿದರೆ ಯಾರಿಗೆ ಖುಷಿಯಾಗುವುದಿಲ್ಲ? ಇಡೀ ಮನೆಯೇ ಟೆಂಟಿಗೆ ಬರ್ತಿತ್ತು.

ಇನ್ನೊಂದು ವಿಷಯ. ಚಿನ್ನಯ್ಯ ಪರವೂರಿನವ, ಅವನಿಗೆ ಇದು ಗೊತ್ತಿರಲಿಲ್ಲ. ಮೆಲ್ಕಾರಿನ ಆಚೆ ಕಲ್ಲಗುಡ್ಡೆ ಅಂತ ಒಂದು ಮನೆ. ಅಲ್ಲಿಯ ಪ್ರೇಮಾವತಿಯ ಗಂಡ ಮಿಲಿಟರಿಯಲ್ಲಿದ್ದ. ಚೀನಾದ ಯುದ್ಧ ಮುಗಿದ ಮೇಲೆ ತಂತಿ ಬಂತು... ಕಾಣೆಯಾಗಿದ್ದಾನೆ ಅಂತ. ಸತ್ತ ಅಂತ ಇಲ್ಲ, ಬದುಕಿದ್ದಾನೆ ಅಂತಲೂ ಇಲ್ಲ. ಸತ್ತಿದ್ದರೆ ಬೊಜ್ಜದ ಕ್ರಿಯೆ ಮಾಡಬೇಕು, ಎಲೆ ಹಾಕಿ ಬಡಿಸಬೇಕು. ಇಲ್ಲದಿದ್ದರೆ ಅವನು ಕುಲೆಯಾಗಿ, ಪ್ರೇತವಾಗಿ ಹಸಿದು ಅಲೆಯಬೇಕು. ಬದುಕಿದ್ದರೆ? ಬದುಕಿದ್ದವನಿಗೆ ಬೊಜ್ಜ ಮಾಡಿದ ಪಾಪ. ಅತ್ತೆ ಕಾವೇರಮ್ಮ ಬೇಡವೇ ಬೇಡ ಅಂದರು. ಪ್ರೇಮಾವತಿ ಅತ್ತದ್ದನ್ನು ಯಾರೂ ಕಾಣಲಿಲ್ಲ. ಉಣ್ಣುತ್ತಿದ್ದಳು, ಭತ್ತ ಕುಟ್ಟುತ್ತಿದ್ದಳು. ಕರೆದರೆ ಎರಡನೇ ಸಲಕ್ಕೆ ತಿರುಗುತ್ತಿದ್ದಳು.

ಸರಿ. ಆ ವಾರದ ಪಿಕ್ಚರು ಬರೀ ಲೊಟ್ಟೆ, ಬಂಡಲ್. ಐದು ಸೈನಿಕರು ಹಿಮದಲ್ಲಿ ನಡೆದು ಹೋಗಿ ಶತ್ರುವಿನ ಕೋಟೆಯಿಂದ ಚಿನ್ನ ಕದಿಯುವುದು. ದುಡ್ಡಿಲ್ಲದೆ ತೆಗೆದದ್ದು, ಕಂಡರೇ ಗೊತ್ತಾಗ್ತದೆ.

"ಹಿಮ ಅಲ್ಲ ಅದು, ಹಾಸಿಗೆಯ ಹತ್ತಿ," ಅಂದ ಬೀಡಿ ಅಂಗಡಿಯ ಬದ್ರುದ್ದೀನ್. "ಗಾಳಿಗೆ ಹಾರಿತು, ನೋಡಲಿಲ್ವಾ?"

"ಇರುವುದು ಒಂದೇ ಕೋಟೆ ಮಾರಾಯ," ಅಂದ ಟೆಂಟಿನ ಗಾಡಿ ಹೊಡೆಯುವ ಹುಕ್ರಪ್ಪ. "ಎದುರಿನಿಂದ ತೋರಿಸಿ ನಮ್ಮದು ಅಂದರು, ಹಿಂದಿನಿಂದ ತೋರಿಸಿ ಅವರದ್ದು ಅಂದರು."

ಸೇಸಮ್ಮ ಅಂತ ಒಬ್ಬಳು ಮಾತ್ರ "ಕದಿಯುವಾಗ ಎದೆ ಡಬಡಬ ಅಂತು" ಅಂದಳು. ಚಿನ್ನಯ್ಯ ಅದನ್ನು ಬರಕೊಂಡ. ಆದರೆ ಮೆಲ್ಕಾರಿನ ಕಡೆಯವರು ಒಬ್ಬರೂ ಸಿಗಲಿಲ್ಲ. ಅದೇ ತಲೆಬಿಸಿಯಲ್ಲಿ ನಡೆಯುತ್ತಿದ್ದ.

ದಾರಿಬದಿಯಲ್ಲಿ ಕೆಂಪುಕಲ್ಲು ಕಟ್ಟಿದ ಬಾವಿ. ಹತ್ತಿರ ಬರುವಾಗ ಶಬ್ದ...

ಧಪ್. ಧಪ್. ಮತ್ತೆ ಸುಮ್ಮನೆ. ಮತ್ತೆ ಧಪ್... ಧಪ್. ಬಟ್ಟೆ ಒಗೆಯುವ ಶಬ್ದ ಅಲ್ಲ. ಜೋಮು ಹಿಡಿದ ಕಾಲನ್ನು ನೆಲಕ್ಕೆ ಬಡಿದ ಹಾಗೆ. ಕೊನೆಗೆ ಒಂದು ಕಿರ್ರ್... ಲಾಳ ಹೊಡೆದ ಬೂಟು ಕಲ್ಲಿಗೆ ಉಜ್ಜಿದ್ದು.

ಬಾವಿಕಟ್ಟೆಯಲ್ಲಿ ಒಬ್ಬ ಕೂತಿದ್ದ. ಕಂಬಳಿ ಹೊದ್ದಿದ್ದ.

"ಪಿಕ್ಚರಿಗೆ ಬಂದದ್ದಾ?" ಚಿನ್ನಯ್ಯ ಮೆಲ್ಲ ಕೇಳಿದ.

"ಹೌದು. ಹಿಂದೆ ನಿಂತಿದ್ದೆ."

"ಹೇಗುಂಟು?"

ಧಪ್... ಧಪ್.

"ಕದಿಯುವುದು ಚಂದ ಉಂಟು. ಯುದ್ಧ ಸುಳ್ಳು."

"ಎಂತ ಸುಳ್ಳು?"

"ಸತ್ತವನ ಬೂಟು ಬಿಚ್ಚಿ ಇನ್ನೊಬ್ಬ ಹಾಕ್ಕೊಳ್ತಾನಲ್ಲ... ಹಾಗೆ ಬರುವುದಿಲ್ಲ. ಹಿಮದಲ್ಲಿ ಅದು ಕಾಲಿಗೆ ಅಂಟಿರ್ತದೆ. ನನ್ನದನ್ನೂ ಎಳೆದು ನೋಡಿದರು. ಬರಲಿಲ್ಲ."

ಈ ಮಾತಿಗೆ ನೀವಾದರೆ ಓಡ್ತಿದ್ದಿರಿ. ಚಿನ್ನಯ್ಯನಿಗೆ ನಿದ್ದೆ, ಅದರ ಮೇಲೆ ಮೆಲ್ಕಾರಿನವನೊಬ್ಬ ಸಿಕ್ಕಿದ ಖುಷಿ. ಚೀಟಿ ತೆಗೆದ.

"ಹೆಸರು? ನಾಳೆ ಕೂಗ್ಲಿಕ್ಕುಂಟು."

"ಮನೆಯ ಎದುರೇ ಕೂಗ್ತೀರಾ?"

"ಮನೆಯ ಎದುರೇ."

"ಹೇಳಿದ ಹಾಗೇ ಹೇಳಬೇಕು. ಸೇರಿಸಬಾರದು." ಧಪ್... ಧಪ್. "ಕಲ್ಲಗುಡ್ಡೆ ರುಕ್ಮಯ್ಯ."

ಬರೆದು ತಲೆ ಎತ್ತಿದರೆ ಕಟ್ಟೆ ಖಾಲಿ. ಮನೆಗೆ ಹೋದ ಅಂತ ಗ್ರಹಿಸಿ ಇವನೂ ಹೋಗಿ ಮಲಗಿದ. ಪುಣ್ಯಾತ್ಮ!

ಮರುದಿನ ಬೆಳಿಗ್ಗೆ ಗಾಡಿ ಕಲ್ಲಗುಡ್ಡೆಯ ಎದುರು ಬಂತು. ಜೀವನದಲ್ಲಿ ಮೊದಲ ಸಲ ಚಿನ್ನಯ್ಯ ಇದ್ದದ್ದನ್ನು ಇದ್ದ ಹಾಗೆ ಕೂಗಿದ. "ಕಲ್ಲಗುಡ್ಡೆ ರುಕ್ಮಯ್ಯನವರ ಅಭಿಪ್ರಾಯ ಕೇಳಿರಿ! ಕದಿಯುವುದು ಚಂದ! ಯುದ್ಧ ಸುಳ್ಳು! ಹಿಮದಲ್ಲಿ ಸತ್ತವರ ಬೂಟು ಕಾಲಿನಿಂದ ಬರುವುದಿಲ್ಲ! ಅವರದ್ದನ್ನೂ ಎಳೆದು ನೋಡಿದ್ದಾರೆ..."

ಹುಕ್ರಪ್ಪ ಎತ್ತಿನ ಹಗ್ಗ ಜಗ್ಗಿ ಹಿಡಿದ. "ಬಾಯಿ ಮುಚ್ಚು ಮಾರಾಯ," ಅಂದ. "ಅವ ಯುದ್ಧದಿಂದ ಬರಲೇ ಇಲ್ಲ."

ಅಷ್ಟರಲ್ಲಿ ಕಾವೇರಮ್ಮ ಓಡಿ ಬಂದಾಗಿತ್ತು. "ಬಂದನಾ? ನನ್ನ ಮಗ ಊರಿಗೆ ಬಂದನಾ? ಎಲ್ಲಿದ್ದಾನೆ?" ಚಿನ್ನಯ್ಯನ ಅಂಗಿ ಹಿಡಿದು ಅಲ್ಲಾಡಿಸಿದರು. ಅವನು ತೊದಲಿಕೊಂಡು ಬಾವಿಕಟ್ಟೆಯದ್ದೆಲ್ಲ ಹೇಳಿದ. "ಪಿಕ್ಚರಿಗೆ ಬಂದವನಿಗೆ ಮನೆಗೆ ಬರಲಿಕ್ಕೆ ಏನು ಧಾಡಿ?" ಅಂತ ಕಾವೇರಮ್ಮ ನಗಾಡಿದರು, ಅತ್ತರು. ಸಂತೋಷವೇ ಅದು, ಪಾಪ.

ಪ್ರೇಮಾವತಿ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ಮೆಲ್ಲ ಬಂದಳು. ಮುಖದಲ್ಲಿ ಏನೂ ಇಲ್ಲ.

"ಬೂಟು ಬರುವುದಿಲ್ಲ ಅಂದರಾ?"

"ಹೌದು ಅಕ್ಕ."

ಅವಳು ಅತ್ತೆಯ ಕಡೆ ತಿರುಗಿದಳು. "ಹಾಗಾದರೆ ಒಳಗೆ ಹೇಗೆ ಬರ್ತಾರೆ ಅತ್ತೆ? ಬೂಟು ಹಾಕಿ ಹೊಸ್ತಿಲು ದಾಟುವವರಾ ಅವರು?"

ಕಾವೇರಮ್ಮ ಅಲ್ಲೇ ಮೆಟ್ಟಿಲಲ್ಲಿ ಕೂತರು.

ಫೆಬ್ರವರಿಯಲ್ಲಿ ಬೊಜ್ಜ ಮಾಡಿದರು. ಚಿನ್ನಯ್ಯನನ್ನೂ ಕರೆದಿದ್ದರು. ಒಬ್ಬನೇ ಹೋಗ್ಲಿಕ್ಕೆ ಅವನಿಗೆ ಹೆದರಿಕೆ, ನನ್ನನ್ನು ಎಳಕೊಂಡು ಹೋದ. ಕ್ರಮ ಎಂದರೆ ಒಳಗಿನ ಕೋಣೆಯಲ್ಲಿ ಸತ್ತವನಿಗೆ ಎಲೆ ಬಡಿಸಿ, ಬಾಗಿಲು ಎಳೆದು, ನಾವು ಹೊರಗೆ ನಿಲ್ಲುವುದು. ಪ್ರೇಮಾವತಿ ಒಪ್ಪಲಿಲ್ಲ. "ಅಂಗಳದಲ್ಲೇ ಹಾಕುವ. ಅವರಿಗೆ ಒಳಗೆ ಬರಲಿಕ್ಕೆ ಆಗುವುದಿಲ್ಲ," ಅಂದಳು. ಹಿರಿಯರು ಗುಣುಗುಣು ಅಂದರು, ಅವಳು ಕೇಳಬೇಕಲ್ಲ? ಎಲೆ ಹೊರಗೆ. ಅನ್ನ, ಕೋಳಿ ಸಾರು, ಒಂದು ಚೊಂಬು ನೀರು. ನಾವೆಲ್ಲ ಒಳಗೆ, ಬಾಗಿಲು ಹಾಕಿ. ಮಧ್ಯಾಹ್ನ. ಹಂಚಿನಡಿ ಸೆಕೆಗೆ ಬೆವರು ತೊಟ್ಟಿಕ್ಕುತ್ತಿತ್ತು. ಹೊರಗೆ ಏನೂ ಕೇಳಲಿಲ್ಲ... ಒಂದು ಕಾಗೆ ಕೂಡ.

ಬಾಗಿಲು ತೆಗೆದಾಗ ಎಲೆಯಲ್ಲಿ ಬಡಿಸಿದ್ದು ಹಾಗೇ ಇತ್ತು. ಚೊಂಬಿನ ನೀರು ಮಾತ್ರ ಗಟ್ಟಿಯಾಗಿತ್ತು.

ಗಟ್ಟಿ. ಕಲ್ಲಿನ ಹಾಗೆ. ಬೆರಳಿಟ್ಟರೆ ಚರ್ಮ ಅಂಟುತ್ತಿತ್ತು. ನಾನು ಇಟ್ಟಿದ್ದೇನೆ, ಈ ಬೆರಳು. ಫೆಬ್ರವರಿ ತಿಂಗಳು, ಬಂಟ್ವಾಳದ ಮಧ್ಯಾಹ್ನದ ಬಿಸಿಲು!

ಪ್ರೇಮಾವತಿ ಆ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಅಂಗಳದಲ್ಲೇ ಕೂತಳು. ಆಗ ಅತ್ತಳು. ದೊಡ್ಡ ಸ್ವರದಲ್ಲಿ, ನೆರೆಮನೆಗೆ ಕೇಳುವಷ್ಟು. ಯಾರು ಕೇಳಿದರೂ ಚೊಂಬು ಕೊಡಲಿಲ್ಲ. ಅದು ಕರಗಲಿಕ್ಕೆ ಸಂಜೆಯಾಯಿತು. ನಾನು ಅಲ್ಲೇ ಇದ್ದೆ ಮಾರಾಯ, ಕರಗುವವರೆಗೂ ಇದ್ದೆ.