ಅಪ್ಪನಿಗೆ ಹೇಳಿದ ಸ್ಕೋರು

ರೂರ್ ಸೀಮೆಯ ಆಸ್ಪತ್ರೆ ಎದುರು ಟ್ರಾಮಿಗೆ ಕಾಯುತ್ತಿದ್ದ ರೋಸ್ವಿತಾ ಪಕ್ಕದವರನ್ನು ಗುರುತು ಹಿಡಿದಳು. ಒಬ್ಬ ಡೆಟ್ಲೆಫ್, ಊರಿನ ಫುಟ್‌ಬಾಲ್ ತಂಡಕ್ಕೆ ಹದಿನಾಲ್ಕು ವರ್ಷ ಆಡಿ ಕೋಚ್ ಆದವನು. ಶನಿವಾರ ತಂಡ ಸೋತು ಎರಡನೇ ದರ್ಜೆಗೆ ಇಳಿದಿತ್ತು. ಭಾನುವಾರ ಅವನ ಕೆಲಸ ಹೋಗಿತ್ತು. ಇನ್ನೊಬ್ಬ, ತಂಡದ ಬಟ್ಟೆ ಒಗೆಯುವ ಮುದುಕ ಅಲ್ಫೋನ್ಸ್.

“ಅಪ್ಪನಿಗೆ ಹೇಳಿದ್ಯಾ?” ಅಲ್ಫೋನ್ಸ್ ಕೇಳಿದ್ದು ಅವಳ ಕಿವಿಗೆ ಬಿತ್ತು.

“ಗೆದ್ವಿ ಅಂದೆ. ಎರಡು–ಒಂದು.”

“ಅಯ್ಯೋ ಪಾಪಿ! ಅರವತ್ತು ವರ್ಷ ಒಂದಾಟ ಬಿಡದೆ ನೋಡಿದ ಜೀವ ಅದು.”

“ಈ ವಾರ ದಾಟಲ್ಲ ಅಂದಿದ್ದಾರೆ ಡಾಕ್ಟ್ರು. ಇನ್ನೇನು ಹೇಳ್ಲಿ?”

“ರೇಡಿಯೋ?”

“ಕೆಟ್ಟಿದೆ ಅಂತ ನಾನೇ ಎತ್ತಿಟ್ಟೆ.”

“ನಂಬಿದ್ರಾ?”

“ಕೆನ್ನೆ ಸವರಿದ್ರು. ‘ಚಿಕ್ಕವನಿದ್ದಾಗ್ಲೂ ಸೋತು ಬಂದ ದಿನಾನೇ ನೀನು ಹಿಂಗೆ ನಗ್ತಿದ್ದೆ’ ಅಂದ್ರು.”

ಟ್ರಾಮ್ ಬಂತು. ಅಲ್ಫೋನ್ಸ್ ಅವನ ತೋಳು ಹಿಡಿದು ಹತ್ತಿಸಿದ.